ಮೊದಲು ವಾಸನೆ, ಆಮೇಲೆ ಉಳಿದಿದ್ದು

"ಬಾಯಿ ಕ್ಯಾನ್ಸರ್ ಗಾಯದ ವಾಸನೆ ಹೋಗಲ್ಲ ಕಣೇ. ಎರಡು ಮಾಸ್ಕ್ ಹಾಕ್ಕೊಂಡು ಕೆಲಸ ಮುಗಿಸಿ ಬಾ." ಹೀಗೆ ಹೇಳಿದವರು ನರ್ಸ್ ಕೆಲಸದಲ್ಲಿ ನನಗಿಂತ ಹದಿನೈದು ವರ್ಷ ಹಿರಿಯ ಸಿಸ್ಟರ್. ಅವರ ಮಾತು ಕೇಳದೆ ಇದ್ದಿದ್ದೇ ಒಳ್ಳೆಯದಾಯಿತು.

ನಾನು ನೋಡಿಕೊಳ್ಳೋಕೆ ಹೋದ ಗೌಡರ ಮನೆ ಸಕಲೇಶಪುರದಿಂದ ಹಾನುಬಾಳು ಕಡೆಗೆ. ನಾಲ್ಕೈದು ಎಕರೆ ಕಾಫಿ, ಸ್ವಲ್ಪ ಗದ್ದೆ. ಗೌಡರಿಗೆ ಎಪ್ಪತ್ತರ ಹತ್ತಿರ. ನಲವತ್ತು ವರ್ಷ ಹೊಗೆಸೊಪ್ಪು ಒತ್ತಿಟ್ಟುಕೊಂಡಿದ್ದ ಕೆನ್ನೆ ತೂತಾಗಿತ್ತು. ಬೆಂಗಳೂರಲ್ಲಿ ಕರೆಂಟ್ (ರೇಡಿಯೇಷನ್) ಕೊಡಿಸಿ ಆಗಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂತ ಕಳಿಸಿದ್ದರು. ನಾನು ಹೋದಾಗ ಜೂನ್ ಮಳೆ ಹಿಡಿದಿತ್ತು. ಮಂಚ ಹಿತ್ತಲ ಕಡೆ, ಸೌದೆ ಕೋಣೆಯ ಪಕ್ಕ. ಅಮ್ಮ, ಅಂದರೆ ಗೌಡರ ಹೆಂಡತಿ, ಮೂಗಿನ ಟ್ಯೂಬಿಗೆ ಗಂಜಿ ಬಿಟ್ಟು, ಸೆರಗು ಮೂಗಿಗೆ ಒತ್ತಿಕೊಂಡು ಆಚೆ ಓಡುತ್ತಿದ್ದರು. ಆರು ವರ್ಷದ ಮೊಮ್ಮಗ ಆ ಬಾಗಿಲ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. ಇವರೇನು ಕಲ್ಲು ಮನಸ್ಸಿನವರಲ್ಲ. ವಾಸನೆಯೇ ಹಾಗಿತ್ತು.

ಮೊದಲ ವಾರ ಮಾಡಿದ್ದೆಲ್ಲ ಎಡವಟ್ಟೇ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ, ನೊರೆ ಬಂತು, ಉರಿಗೆ ಅವರು ಮಂಚದ ಪಟ್ಟಿ ಹಿಡಿದು ಎದ್ದು ಕೂತರು. ಒಣ ಗಾಜ್ ಇಟ್ಟೆ, ಮಾರನೇ ದಿನ ಬಿಡಿಸುವಾಗ ಗಾಯಕ್ಕೇ ಅಂಟಿಕೊಂಡು ರಕ್ತ ಇಳಿಯಿತು. ಬೇಸಿನ್ ಹಿಡಿದಿದ್ದ ಸೊಸೆ ತಲೆ ಸುತ್ತಿ ಅಲ್ಲೇ ಬಿದ್ದಳು. ಅವತ್ತೇ ಸಂತೆಯಿಂದ ಆರು ಮರೂನ್ ಬಣ್ಣದ ಟವಲ್ ತರಿಸಿದೆ. ಬಿಳಿ ಟವಲಲ್ಲಿ ಒಂದು ಚಮಚ ರಕ್ತ ಒಂದು ಲೋಟದಷ್ಟು ಕಾಣುತ್ತೆ, ನೋಡಿದವರ ಕೈಕಾಲು ಬಿದ್ದುಹೋಗುತ್ತೆ.

ದಾರಿಗೆ ಬಂದಿದ್ದು ಮೆಟ್ರೋನಿಡಜೋಲ್ ಮಾತ್ರೆಯಿಂದ. ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡೇ ಶುರು ಮಾಡಿದ್ದು. ಬೇಧಿಗೆ ನುಂಗುವ ಅದೇ ಮಾತ್ರೆ. ಮೈದಾ ಥರ ನುಣ್ಣಗೆ ಪುಡಿ ಮಾಡಿ, ಉಗುರುಬೆಚ್ಚಗಿನ ಸಲೈನಲ್ಲಿ ಗಾಯ ತೊಳೆದ ಮೇಲೆ ಉದುರಿಸಬೇಕು. ತರಿ ಉಳಿದರೆ ಚುಚ್ಚುತ್ತೆ. ನಾನು ಹಳೇ ವಾಯ್ಲ್ ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದೆ. ಮೇಲೆ ವ್ಯಾಸಲೀನ್ ಹಚ್ಚಿದ ಗಾಜ್. ಆಗ ಒಂದು ಸ್ಟ್ರಿಪ್ಪಿಗೆ ಹದಿನೈದು ಇಪ್ಪತ್ತು ರೂಪಾಯಿ ಇದ್ದಿರಬೇಕು. ಅದಕ್ಕೂ ಮುಂಚೆ ಎರಡು ಸಾವಿರದ ಮೇಲೆ ಮುಲಾಮು ಸ್ಪ್ರೇ ಅಂತ ನೀರಿಗೆ ಹಾಕಿದ್ದೆವು! ಐದನೇ ದಿನ ನಾನು ಮಾಸ್ಕ್ ತೆಗೆದೆ. ಟೇಪ್ ಇಲ್ಲದೆ ಆ ಡ್ರೆಸಿಂಗ್ ಕೆನ್ನೆ ಮೇಲೆ ನಿಲ್ಲಿಸೋಕೆ ನನ್ನದೇ ಒಂದು ಕಟ್ಟು ಇದೆ. ಅದನ್ನು ಬರೆಯಲ್ಲ, ಬಂದು ನೋಡಿದರೆ ತೋರಿಸ್ತೀನಿ.

ಕೋಣೆಯ ವಾಸನೆಗೆ ಬೇರೆ ಪ್ರಯೋಗಗಳೂ ನಡೆದವು. ಊದುಬತ್ತಿ ಹಚ್ಚಿದ್ದಕ್ಕೆ ಅವರಿಗೆ ವಾಂತಿ ಬಂತು. ತೋಟದ್ದೇ ಕಾಫಿಪುಡಿ ತಟ್ಟೆಗೆ ಹರಡಿ ಮಂಚದ ಕೆಳಗಿಟ್ಟೆ. ಮೂರು ದಿನ ಚೆನ್ನಾಗಿತ್ತು, ನಾಲ್ಕನೇ ದಿನ ಬೂಷ್ಟು. ಮಲೆನಾಡಿನ ಮಳೆ ಅಲ್ವಾ! ಕೊನೆಗೆ ಗೆದ್ದಿದ್ದು ಒಂದು ಬುಟ್ಟಿ ಇದ್ದಿಲು. ವಾರಕ್ಕೊಮ್ಮೆ ಒಲೆ ಹತ್ತಿರ ಇಟ್ಟು ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಗಾಜ್ ಮೇಲೆ ಬಾಡಿಸಿದ ಬಾಳೆ ಎಲೆಯನ್ನೂ ಇಟ್ಟು ನೋಡಿದೆ. ಅಂಟಲಿಲ್ಲ ನಿಜ, ಆದರೆ ಕೆನ್ನೆಯ ಉಬ್ಬಿಗೆ ಕೂರಲಿಲ್ಲ. ಬೆನ್ನಿನ ಹುಣ್ಣಿಗಾದರೆ ಪರವಾಗಿಲ್ಲ ಅನ್ನಿಸಿತು.

ನೋವಿನ ಮಾತ್ರೆ ಮಾರ್ಫಿನ್ ವಿಷಯಕ್ಕೆ ಜಗಳವೇ ಆಯಿತು. 2014ರಲ್ಲಿ ಕಾನೂನು ಸಡಿಲ ಆಗಿದ್ದರೂ ಎಲ್ಲ ಮೆಡಿಕಲ್ ಶಾಪಲ್ಲಿ ಸಿಗುವ ಮಾತ್ರೆ ಅಲ್ಲ ಅದು. ಮಗ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ತಂದ. ಮೊದಲ ಸಲ ಕಾರು ಬಾಡಿಗೆಗೇ ಏಳು ಸಾವಿರ, ಆಮೇಲೆ ರೈಲು ಹಿಡಿದ. ತಂದ ಮೇಲೆ ಗೌಡರ ಭಾಮೈದರು, "ಗಾಂಜಾ ಥರ ಅದು, ಗುಂಗು ಹತ್ತುತ್ತೆ" ಅಂತ ಬೀರುವಲ್ಲಿಟ್ಟು ಬೀಗ ಹಾಕಿಬಿಟ್ಟರು. ನೋವು ತಡೆಯೋಕಾಗದೆ ಇದ್ದಾಗ ಒಂದು ಕೊಡುತ್ತಿದ್ದರಂತೆ. ನಾನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: 6, 10, 2, 6, 10. ನೋವು ಇರಲಿ ಬಿಡಲಿ, ಗಡಿಯಾರ ನೋಡಿ ಕೊಡಬೇಕು. ರಾತ್ರಿ ಹತ್ತಕ್ಕೆ ಡಾಕ್ಟರ್ ಬರೆದಂತೆ ಎರಡರಷ್ಟು, ನಡುರಾತ್ರಿ ಯಾರೂ ಏಳೋದು ಬೇಡ. ಮೂರನೇ ರಾತ್ರಿ ಅವರು ಒಂದೇ ಸಮ ಆರು ಗಂಟೆ ಮಲಗಿದರು. ಭಾಮೈದರು ಬೆಳಗ್ಗೆ ಬಂದು ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದರು. ಬೀಗದ ಕೈ ಅವತ್ತೇ ನನಗೆ ಸಿಕ್ಕಿತು.

ಇದರಲ್ಲಿ ನನ್ನದೂ ಒಂದು ತಪ್ಪಿದೆ. ಮಾರ್ಫಿನ್ ಮಲ ಕಟ್ಟಿಸುತ್ತೆ, ಅದರ ಜೊತೆಗೇ ಶುರು ಆಗಬೇಕಿದ್ದ ಮಲ ಸಡಿಲ ಮಾಡೋ ಮಾತ್ರೆ ಮರೆತೆ. ಐದು ದಿನ ಮೋಷನ್ ಇಲ್ಲ. ಆಮೇಲೆ ಎನಿಮಾ ಕೊಟ್ಟು, ಕೈಹಾಕಿ, ಅವರೂ ನಾನೂ ಬೆವತುಹೋದೆವು. ಇಷ್ಟು ವರ್ಷ ಸರ್ವೀಸ್ ಆದವಳು ಮಾಡೋ ತಪ್ಪಾ ಇದು?

ಮಂಚ ಜಗಲಿಗೆ ತನ್ನಿ ಅಂತ ನಾನು ಹೇಳಲೇ ಇಲ್ಲ. ಆ ಮಾತ್ರೆ ಪುಡಿ ಶುರು ಮಾಡಿದ ಹತ್ತನೇ ದಿನಕ್ಕೆ ಬಂದಾಗ ಮನೆಯವರೇ ತಂದು ಹಾಕಿದ್ದರು. ಅಮ್ಮ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದರು. ಮೊಮ್ಮಗ ಮಂಚದ ಮೇಲೇ ಚೌಕಾಬಾರ ಹಾಸಿದ್ದ. ಗೌಡರಿಗೆ ಮಾತು ಹೋಗಿತ್ತು. ಕವಡೆ ಹಾಕಿ ಬೆರಳಲ್ಲಿ ಎಣಿಸಿ ತೋರಿಸುತ್ತಿದ್ದರು, ಹುಡುಗ ಮೋಸ ಮಾಡಿದರೆ ಅವನ ಕಿವಿ ಹಿಂಡುತ್ತಿದ್ದರು.

ಏರ್ ಬೆಡ್ಡಿನ ಕಥೆ ಬೇರೆ. ಬೆನ್ನು ಹುಣ್ಣಾಗದಿರಲಿ ಅಂತ ಮೂರೂವರೆ ಸಾವಿರ ಕೊಟ್ಟು ತಂದಿದ್ದು, ಮೋಟಾರಲ್ಲಿ ಗಾಳಿ ತುಂಬೋ ಹಾಸಿಗೆ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ಹಾಸಿಗೆ ಹಪ್ಪಳ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದೇ ಗಟ್ಟಿ. ಸೊಸೆ ಅದನ್ನು ನನಗಿಂತ ಚೆನ್ನಾಗಿ ಕಲಿತಳು.

ಗೌಡರು ಹೋಗಿದ್ದು ದೀಪಾವಳಿಗೆ ನಾಲ್ಕು ದಿನ ಇರುವಾಗ, ಬೆಳಗಿನ ಜಾವ. ಅಮ್ಮನ ಕೈ ಅವರ ಎದೆ ಮೇಲಿತ್ತು. ನನಗೆ ಬರಬೇಕಿದ್ದ ಆರು ಸಾವಿರ ಕಾಫಿ ಕುಯ್ಲಾದ ಮೇಲೆ ಬಂತು, ಜೊತೆಗೆ ಎರಡು ಕೆಜಿ ಪುಡಿ. ಏರ್ ಬೆಡ್ಡನ್ನು ಮಗ ನನಗೇ ಕೊಟ್ಟುಬಿಟ್ಟ. ಈಗ ಅದು ಬೇಲೂರು ಕಡೆ ಒಬ್ಬ ಅಜ್ಜಿಯ ಮನೆಯಲ್ಲಿದೆ. ಮೋಟಾರು ಗೊರಗುಟ್ಟುತ್ತೆ, ರಿಪೇರಿಗೆ ಕೊಡಬೇಕು.