ಚೀಟಿ ಬೇಡ, ಮಾತ್ರೆಯ ಚೀಲ ತನ್ನಿ

ತೀರ್ಥಹಳ್ಳಿಯ ನನ್ನ ಮೆಡಿಕಲ್ ಶಾಪಿಗೆ ಬರುವ ವಯಸ್ಸಾದವರಲ್ಲಿ ಒಬ್ಬರೇ ಡಾಕ್ಟರ ಹತ್ತಿರ ತೋರಿಸಿಕೊಳ್ಳುವವರು ಕಡಿಮೆ. ಬಿಪಿ, ಶುಗರಿಗೆ ಊರಿನ ಡಾಕ್ಟರು. ಮಂಡಿನೋವಿಗೆ ಶಿವಮೊಗ್ಗ. ಹಾರ್ಟಿನ ವಿಷಯ ಬಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲ. ಇದರ ಮೇಲೆ ಬೆಂಗಳೂರಿನ ಮಗ ತಂದುಕೊಟ್ಟ ಕ್ಯಾಲ್ಸಿಯಂ ಡಬ್ಬ, ಪಂಡಿತರ ಕಷಾಯ. ಒಂದೊಂದು ಚೀಟಿಯೂ ತನ್ನಷ್ಟಕ್ಕೆ ಸರಿಯಾಗೇ ಇರುತ್ತದೆ. ಎಲ್ಲ ಒಂದೇ ಹೊಟ್ಟೆಗೆ ಹೋದಾಗ ತಕರಾರು ಶುರು.

ಅದಕ್ಕೇ ನಾಲ್ಕೈದು ಮಾತ್ರೆಗಿಂತ ಜಾಸ್ತಿ ತಗೊಳ್ಳುವವರಿಗೆ ನಾನು ಹೇಳುವುದು ಇಷ್ಟು: "ಮನೇಲಿ ಇರೋದೆಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ ಮಾರಾಯ್ರೆ. ಮಧ್ಯಾಹ್ನದ ಮೇಲೆ ಬನ್ನಿ, ಅಂಗಡಿ ಖಾಲಿ ಇರುತ್ತೆ." ಚೀಟಿ ನೋಡಿದರೆ ಡಾಕ್ಟರು ಬರೆದದ್ದು ಗೊತ್ತಾಗುತ್ತದೆ, ಅಷ್ಟೆ. ನಿಜವಾಗಿ ನುಂಗುತ್ತಿರುವುದು ಏನು ಅನ್ನುವುದು ಚೀಲದಲ್ಲೇ ಇರುತ್ತದೆ. ಪಕ್ಕದ ಮನೆಯವರು ಕೊಟ್ಟ ಅರ್ಧ ಶೀಟು, ಹಿಂದೆಂದೋ ಬರೆದ ನಿದ್ದೆ ಮಾತ್ರೆ, ಎಲ್ಲ ಹೊರಗೆ ಬೀಳುತ್ತವೆ.

ಮೊದಲು ಕಂಪನಿ ಹೆಸರು ಬಿಟ್ಟು ಒಳಗಿನ ಔಷಧದ ಹೆಸರು ನೋಡಿ ಜೋಡಿಸುತ್ತೇನೆ. ಜನೌಷಧಿಯಲ್ಲಿ ತಂದ ಬಿಪಿಯ ಟೆಲ್ಮಿಸಾರ್ಟಾನ್ ಒಂದು ಕಡೆ, ಅದೇ ಟೆಲ್ಮಿಸಾರ್ಟಾನ್ ಬೇರೆ ಹೆಸರಲ್ಲಿ ಇನ್ನೊಂದು ಕಡೆ, ಎರಡೂ ದಿನಾ ಹೊಟ್ಟೆಗೆ. ಪ್ಯಾರಾಸಿಟಮಾಲ್ ಕಥೆಯೂ ಹಾಗೇ. ಜ್ವರಕ್ಕೆ 650 ಮಿಲಿಗ್ರಾಂ ಮಾತ್ರೆ ನುಂಗುವವರಿಗೆ ನೆಗಡಿ ಮಾತ್ರೆಯೊಳಗೂ ಅದೇ ಇದೆ ಅಂತ ಗೊತ್ತಿರುವುದಿಲ್ಲ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲಿನ ಮಿತಿ. ಕುಡಿಯುವವರಿಗೆ, ಲಿವರ್ ಸರಿ ಇಲ್ಲದವರಿಗೆ ಅದಕ್ಕಿಂತ ಕಡಿಮೆ.

ನಾನು ತುಂಬ ಹೆದರುವುದು ಮೂರು ಮಾತ್ರೆ ಒಟ್ಟಿಗೆ ಸೇರುವುದಕ್ಕೆ. ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್, ಅದರ ಜೊತೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ, ಮೇಲೆ ನೋವಿಗೆ ಡೈಕ್ಲೋಫೆನಾಕ್. ಮೊದಲ ಎರಡು ಎಷ್ಟೋ ಸಲ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ, ಹಾಗಾಗಿ ನೋಡಿದವರಿಗೆ ಬಿಪಿ ಮಾತ್ರೆ ಒಂದೇ ಅನ್ನಿಸುತ್ತದೆ. ನೋವಿನ ಮಾತ್ರೆ ಕಿಡ್ನಿಗೆ ರಕ್ತ ತರುವ ನಾಳವನ್ನು ಬಿಗಿ ಮಾಡುತ್ತದೆ. ಬಿಪಿ ಮಾತ್ರೆ ರಕ್ತ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಮೂತ್ರದ ಮಾತ್ರೆ ಮೈಯ ನೀರನ್ನೇ ಇಳಿಸುತ್ತದೆ. ಸೋಸಲು ಬೇಕಾದ ಒತ್ತಡ ಕಿಡ್ನಿಯೊಳಗೆ ಉಳಿಯುವುದಿಲ್ಲ. ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಮೈಕೈ ನೋವು ಅಂತ ದಿನಾ ಒಂದು ನುಂಗಿ, ಬೆವರು ಸುರಿಸಿ, ನೀರು ಸರಿಯಾಗಿ ಕುಡಿಯದೆ ಇದ್ದರೆ ಮುಗಿಯಿತು. ವಾಂತಿ ಭೇದಿ ಆದಾಗಲೂ ಇದೇ ಅಪಾಯ. ಕಿಡ್ನಿ ಹೊರಹಾಕಬೇಕಾದ ಕಸ ಕ್ರಿಯಾಟಿನಿನ್, ಅದು ಏರುವುದು ಮೈಗೆ ಗೊತ್ತಾಗುವುದಿಲ್ಲ, ರಕ್ತ ಪರೀಕ್ಷೆಯಲ್ಲೇ ಕಾಣುವುದು. "ಬರೀ ನೋವಿನ ಮಾತ್ರೆ ಅಲ್ವಾ, ಕೊಡಿ" ಅನ್ನುವವರ ಹತ್ತಿರ ಜಗಳ ಆಡಿದ್ದೂ ಉಂಟು. ಕೊಡುವುದಿಲ್ಲ ಅಂದರೆ ಇಲ್ಲ.

ಮಳೆಗಾಲದಲ್ಲಿ ಬೇರೆ ತರದ ಕೇಸು. ಒದ್ದೆ ಬಟ್ಟೆಯಲ್ಲೇ ಓಡಾಡುವ ಊರು, ಹುಳುಕಡ್ಡಿ ಯಾರನ್ನೂ ಬಿಡುವುದಿಲ್ಲ. ಅದಕ್ಕೆ ಇಟ್ರಾಕೊನಜೋಲ್ ಬರೆಯುತ್ತಾರೆ. ಕೊಲೆಸ್ಟ್ರಾಲಿನ ಅಟೊರ್ವಾಸ್ಟಾಟಿನ್ ಕರಗಿ ಹೋಗಬೇಕಾದ ದಾರಿಯನ್ನು ಇದು ಕಟ್ಟಿಬಿಡುತ್ತದೆ. ಅಟೊರ್ವಾಸ್ಟಾಟಿನ್ ರಕ್ತದಲ್ಲಿ ಏರಿ ತೊಡೆ, ಭುಜದ ಮಾಂಸಖಂಡ ನೋಯಲು ಶುರುವಾಗಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಆವತ್ತೇ ಆಸ್ಪತ್ರೆಗೆ ಹೋಗಬೇಕು. ತಮಾಷೆ ಅಂದರೆ, ಬೆಳಿಗ್ಗೆ ಎದ್ದ ಕೂಡಲೆ ನುಂಗುವ ಗ್ಯಾಸಿನ ಮಾತ್ರೆ ಇದ್ದರೆ ಇಟ್ರಾಕೊನಜೋಲ್ ಕ್ಯಾಪ್ಸೂಲೇ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹುಳುಕಡ್ಡಿ ವಾಸಿ ಆಗುವುದಿಲ್ಲ, ಡಾಕ್ಟರನ್ನು ಬೈಯುತ್ತಾರೆ.

ಡಿಸೆಂಬರಿನಿಂದ ಮೇ ತನಕ ಇನ್ನೊಂದು ಎಚ್ಚರ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರಲ್ಲಿ ರಕ್ತಸ್ರಾವ ಆಗುವ ಸಾಧ್ಯತೆ ಇದೆ. ಹಾಗಾಗಿ ತರಗೆಲೆಗೋ ಸೌದೆಗೋ ಕಾಡಿಗೆ ಹೋಗಿ ಬಂದವರು ಜ್ವರ, ಸೊಂಟ ನೋವು ಅಂತ ಬಂದರೆ ರಕ್ತಸ್ರಾವ ಜಾಸ್ತಿ ಮಾಡಬಹುದಾದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆ ನಾನು ಮುಟ್ಟುವುದಿಲ್ಲ. ಪ್ಯಾರಾಸಿಟಮಾಲ್ ಕೊಟ್ಟು, ರಕ್ತ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕಳಿಸುತ್ತೇನೆ. ಹಾರ್ಟಿಗೆ ಅಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಗೊಳ್ಳುವವರಾದರೆ ಅದನ್ನು ಕಾಗದದಲ್ಲಿ ಬರೆದು ಕೈಯಲ್ಲಿ ಕೊಡುತ್ತೇನೆ. ನಿಲ್ಲಿಸಿ ಅಂತ ಮಾತ್ರ ನಾನು ಹೇಳುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ಸುಮ್ನೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಆ ತೀರ್ಮಾನ ಡಾಕ್ಟರದ್ದು.

ಚೀಲ ಬಿಚ್ಚಿದ ಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆ ಒಂದು: "ಈ ತೊಂದರೆ ಶುರುವಾಗೋಕೆ ಮುಂಚೆ ಹೊಸದಾಗಿ ಯಾವ ಮಾತ್ರೆ ಸೇರ್ತು?" ಬಿಪಿಯ ಅಮ್ಲೋಡಿಪಿನ್ ತಗೊಂಡು ಕಾಲು ಊದಿದವರಿಗೆ, ಅದು ಗೊತ್ತಾಗದೆ, ನೀರು ಇಳಿಸುವ ಮಾತ್ರೆ ಸೇರಿರುತ್ತದೆ. ರಾಮಿಪ್ರಿಲ್‌ನಿಂದ ಒಣಕೆಮ್ಮು ಬಂದವರು ಕೆಮ್ಮಿನ ಸಿರಪ್ ಬಾಟಲಿ ಮೇಲೆ ಬಾಟಲಿ ಖಾಲಿ ಮಾಡುತ್ತಿರುತ್ತಾರೆ. ಮಾತ್ರೆ ತಂದ ತೊಂದರೆಗೆ ಇನ್ನೊಂದು ಮಾತ್ರೆ. ಚೀಲದ ತೂಕ ಏರುವುದೇ ಹೀಗೆ.

ಕೆಲವಕ್ಕೆ ಹೊತ್ತು ಬದಲಿಸಿದರೆ ಸಾಕು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಕಾಫಿಗಿಂತ ಅರ್ಧದಿಂದ ಒಂದು ಗಂಟೆ ಮುಂಚೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಕನಿಷ್ಠ ನಾಲ್ಕು ಗಂಟೆ ಬಿಟ್ಟು. ಕಷಾಯದ ಪುಡಿಯಲ್ಲಿ ಜ್ಯೇಷ್ಠಮಧು ಇದೆಯಾ ಅಂತಲೂ ಕೇಳುತ್ತೇನೆ. ಅದು ಜಾಸ್ತಿಯಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಬರೆಯುತ್ತೇನೆ: ಔಷಧದ ಹೆಸರು, ಯಾಕೆ, ಯಾವ ಹೊತ್ತಿಗೆ, ಯಾರು ಬರೆದದ್ದು. ಅನುಮಾನ ಇರುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ. ಮುಂದಿನ ಸಲ ಡಾಕ್ಟರಿಗೆ ಮೊದಲು ಇದನ್ನೇ ತೋರಿಸಿ ಅನ್ನುತ್ತೇನೆ. ಕೆಲವು ಡಾಕ್ಟರು ಅಲ್ಲಿಂದಲೇ ಫೋನ್ ಮಾಡಿ ಒಂದೆರಡು ಮಾತ್ರೆ ಕಡಿಮೆ ಮಾಡಿಸಿದ್ದಾರೆ. ಅಂಗಡಿಯವನಿಗೆ ಯಾಕೆ ಇದೆಲ್ಲ ಅಂದವರೂ ಇದ್ದಾರೆ, ಇರಲಿ. ಅಡ್ಡಪರಿಣಾಮ ಆಗಿದೆ ಅನ್ನಿಸಿದರೆ ರೋಗಿಯೇ ನೇರವಾಗಿ ವರದಿ ಮಾಡಬಹುದು. ಭಾರತ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ಹಾಳೆಯ ಕೆಳಗೆ ಈ ನಂಬರನ್ನೂ ಬರೆದಿರುತ್ತೇನೆ.