ಅಭ್ಯರ್ಥಿಯ ಮೇಲಿನ ಕೇಸುಗಳನ್ನು ಓದುವುದು ಹೇಗೆ?

ಕೋಲಾರದವರಿಗೆ ಇದು ನೆನಪಿರಬೇಕು. 2019ರ ಏಪ್ರಿಲ್ 13ರಂದು ರಾಹುಲ್ ಗಾಂಧಿ ನಮ್ಮೂರಲ್ಲಿ ಚುನಾವಣಾ ಭಾಷಣ ಮಾಡಿದರು. ಅದರಲ್ಲಿನ ಒಂದು ಮಾತಿಗೆ ಗುಜರಾತಿನ ಸೂರತ್‌ನಲ್ಲಿ ಮಾನನಷ್ಟ ಮೊಕದ್ದಮೆ ಬಿತ್ತು. 2023ರ ಮಾರ್ಚ್ 23ಕ್ಕೆ 2 ವರ್ಷ ಶಿಕ್ಷೆಯಾಯಿತು. ಮಾರನೇ ದಿನವೇ ಸಂಸದ ಸ್ಥಾನ ಹೋಯಿತು. ಆಗಸ್ಟ್ 4ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, 7ಕ್ಕೆ ಸ್ಥಾನ ವಾಪಸ್ ಬಂತು. ತಡೆ ಕೊಡುವಾಗ ಕೋರ್ಟ್ ಒಂದು ವಿಷಯ ಎತ್ತಿ ತೋರಿಸಿತು: ಶಿಕ್ಷೆ ಒಂದೇ ಒಂದು ದಿನ ಕಮ್ಮಿ ಇದ್ದಿದ್ದರೂ ಸ್ಥಾನ ಹೋಗುತ್ತಿರಲಿಲ್ಲ.

ನೀವು ಯಾವ ಪಕ್ಷದವರಾದರೂ ಸರಿ, ಇನ್ನೊಂದು ಕಡೆಯನ್ನೂ ನೋಡಿ. ಕೊಲೆ ಕೇಸಿನಲ್ಲಿ ವಿಚಾರಣೆ ನಡೆಯುತ್ತಿರುವವರು ಹತ್ತು ವರ್ಷ, ಹದಿನೈದು ವರ್ಷ ಚುನಾವಣೆಗೆ ನಿಲ್ಲುತ್ತಲೇ ಇರಬಹುದು. ತೀರ್ಪು ಬರುವವರೆಗೆ ಅವರಿಗೆ ಅಡ್ಡಿಯಿಲ್ಲ. ಜೈಲಿನಲ್ಲಿರುವ ವಿಚಾರಣಾ ಕೈದಿ ವೋಟು ಹಾಕುವ ಹಾಗಿಲ್ಲ, ಆದರೆ ಅಲ್ಲಿಂದಲೇ ಸ್ಪರ್ಧಿಸಬಹುದು. 2024ರ ಲೋಕಸಭಾ ಚುನಾವಣೆಯಲ್ಲಿ ಪಂಜಾಬಿನಿಂದ ಒಬ್ಬರು, ಕಾಶ್ಮೀರದಿಂದ ಒಬ್ಬರು ಜೈಲಿನಲ್ಲಿದ್ದೇ ಗೆದ್ದರು.

ಹಾಗಾಗಿ ಕಾನೂನು ಎಲ್ಲವನ್ನೂ ಸೋಸಿ ಕೊಡುತ್ತದೆ ಅಂದುಕೊಳ್ಳಬೇಡಿ. ಸೋಸುವ ಕೆಲಸದಲ್ಲಿ ದೊಡ್ಡ ಪಾಲು ನಮ್ಮದೇ. ಅದನ್ನು ಮಾಡುವ ದಾರಿ ಹೀಗಿದೆ.

ಮೊದಲು ಕಾನೂನು ಎಲ್ಲಿ ಗೆರೆ ಎಳೆದಿದೆ ಅಂತ ತಿಳಿಯಿರಿ

1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ ಇದಕ್ಕೆ ಬುಡ. ಯಾವುದೇ ಅಪರಾಧಕ್ಕೆ 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದರೆ ಅನರ್ಹತೆ. ಜೈಲಿನಿಂದ ಹೊರಗೆ ಬಂದ ಮೇಲೂ 6 ವರ್ಷ ನಿಲ್ಲುವಂತಿಲ್ಲ. ಅತ್ಯಾಚಾರ, ಚುನಾವಣಾ ಲಂಚ, ಅಸ್ಪೃಶ್ಯತೆ ಆಚರಣೆ, ಭ್ರಷ್ಟಾಚಾರ, ಇಂಥ ಕೆಲವು ಅಪರಾಧಗಳಲ್ಲಿ ಬರೀ ದಂಡ ಬಿದ್ದರೂ ಅನರ್ಹತೆ ಬರುತ್ತದೆ. ಮೊದಲು ಶಾಸಕರು, ಸಂಸದರು ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುತ್ತಿದ್ದರು. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಿಂಡಿ ಮುಚ್ಚಿತು.

ಗಮನಿಸಿ, ಇದೆಲ್ಲ ಶಿಕ್ಷೆಯಾದ ಮೇಲಿನ ಮಾತು.

ಅಫಿಡವಿಟ್ ತೆಗೆದುಕೊಳ್ಳಿ

ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ತನ್ನ ಮೇಲಿನ ಕೇಸುಗಳ ವಿವರವಿರುವ ಪ್ರಮಾಣಪತ್ರವನ್ನು, ಅಂದರೆ ಅಫಿಡವಿಟ್ಟನ್ನು, ನಮೂನೆ 26ರಲ್ಲಿ ಕೊಡಬೇಕು. ಅದರ ಪ್ರತಿಯನ್ನು ಚುನಾವಣಾಧಿಕಾರಿ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ವಿಧಾನಸಭೆ ಚುನಾವಣೆಯಾದರೆ ಸಾಮಾನ್ಯವಾಗಿ ತಾಲ್ಲೂಕು ಕಚೇರಿಯಲ್ಲೇ ಸಿಗುತ್ತದೆ. ಪಹಣಿಗೋ ಜಾತಿ ಸರ್ಟಿಫಿಕೇಟಿಗೋ ಹೋದಾಗ ಹಾಗೇ ಬೋರ್ಡ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಮೊಬೈಲ್‌ನಲ್ಲಾದರೆ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ನೋಡಬಹುದು. ಆಯೋಗದ ವೆಬ್‌ಸೈಟ್‌ನಲ್ಲೂ ರಾಜ್ಯ, ಕ್ಷೇತ್ರ ಆರಿಸಿದರೆ ಪಿಡಿಎಫ್ ಸಿಗುತ್ತದೆ. ಒಬ್ಬರೇ ಎರಡು ಮೂರು ಸೆಟ್ ನಾಮಪತ್ರ ಹಾಕಿರಬಹುದು. ಎಲ್ಲವನ್ನೂ ತೆರೆದು ನೋಡಿ.

ಈಗ ಓದುವ ಕೆಲಸ. ಇದೇ ಮುಖ್ಯ

ಹಿಂದೊಂದು ಚುನಾವಣೆಯಲ್ಲಿ ನಮ್ಮ ಪಕ್ಕದ ಮನೆ ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: "ಏನಪ್ಪಾ, ಅವರ ಮ್ಯಾಲೆ ಏಳು ಕೇಸ್ ಐತಂತೆ. ಇವರ ಮ್ಯಾಲೆ ಒಂದೇ ಅಂತೆ. ಇವರೇ ವಾಸಿ ಅಲ್ವಾ?"

ಇಬ್ಬರ ಅಫಿಡವಿಟ್ಟನ್ನೂ ಫೋನಿನಲ್ಲಿ ತೆಗೆದೆ. ಕೇಸುಗಳ ಪಟ್ಟಿ ಒಂದು ಕೋಷ್ಟಕದಲ್ಲಿರುತ್ತದೆ: ಎಫ್‌ಐಆರ್ ನಂಬರ್, ಪೊಲೀಸ್ ಠಾಣೆ, ಕೋರ್ಟಿನ ಹೆಸರು, ಸೆಕ್ಷನ್, ಅಪರಾಧದ ಚುಟುಕು ವಿವರ, ಚಾರ್ಜ್ ಫ್ರೇಮ್ (ಕೋರ್ಟ್ ಆರೋಪ ನಿಗದಿ ಮಾಡುವುದು) ಆಗಿದೆಯಾ, ಆಗಿದ್ದರೆ ಯಾವತ್ತು. ಏಳು ಕೇಸಿನವರ ಪಟ್ಟಿಯಲ್ಲಿ ಮತ್ತೆ ಮತ್ತೆ ಕಂಡಿದ್ದು ಐಪಿಸಿ (ಹಳೇ ಭಾರತೀಯ ದಂಡ ಸಂಹಿತೆ) ಸೆಕ್ಷನ್ 143, 283, 341. ಅಂದರೆ ಗುಂಪು ಕೂಡಿದ್ದು, ದಾರಿಗೆ ಅಡ್ಡಿ ಮಾಡಿದ್ದು, ಜನರನ್ನು ತಡೆದಿದ್ದು. ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಾಶ್ವತ ನೀರಾವರಿ ಬೇಕು ಅಂತ ಹೆದ್ದಾರಿಯಲ್ಲಿ ಕೂತವರ ಮೇಲೆ ಬೀಳುವ ಕೇಸುಗಳೇ ಇವು. ಒಂದೇ ಕೇಸಿನವರದ್ದು 307, ಕೊಲೆ ಯತ್ನ. ಪಕ್ಕದ ಕಾಲಂನಲ್ಲಿ ಚಾರ್ಜ್ ಫ್ರೇಮ್ ಆದ ತಾರೀಖೂ ಇತ್ತು. ಅಕ್ಕ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಎಷ್ಟು ಕೇಸು ಅಂತ ಲೆಕ್ಕ ಹಾಕಿದರೆ ಸಾಲದು, ಯಾವ ಸೆಕ್ಷನ್ ಅಂತ ನೋಡಬೇಕು. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ನಂಬರುಗಳು ಬದಲಾಗಿವೆ. ಇಷ್ಟನ್ನು ಬರೆದಿಟ್ಟುಕೊಳ್ಳಿ: ಕೊಲೆ 302 ಇದ್ದದ್ದು ಈಗ 103. ಕೊಲೆ ಯತ್ನ 307 ಇದ್ದದ್ದು 109. ಅತ್ಯಾಚಾರ 376 ಇದ್ದದ್ದು 64. ವಂಚನೆ 420 ಇದ್ದದ್ದು 318(4). ಹಳೇ ಕೇಸುಗಳು ಹಳೇ ನಂಬರಿನಲ್ಲೇ ಇರುತ್ತವೆ.

ಆಮೇಲೆ ಕೇಸು ಯಾವ ಮೆಟ್ಟಿಲಲ್ಲಿದೆ ನೋಡಿ. ಎಫ್‌ಐಆರ್ ಅಂದರೆ ದೂರು ದಾಖಲಾಗಿದೆ, ಅಷ್ಟೇ. ಅದನ್ನು ಯಾರ ಮೇಲೂ ಹಾಕಿಸಬಹುದು, ಹಳ್ಳಿ ಜಗಳದಲ್ಲಿ ನಾವೇ ಕಂಡಿದ್ದೇವೆ. ಚಾರ್ಜ್‌ಶೀಟ್ ಪೊಲೀಸರು ಹಾಕುವುದು. ಚಾರ್ಜ್ ಫ್ರೇಮ್ ಬೇರೆ. ಅದನ್ನು ಮಾಡುವವರು ನ್ಯಾಯಾಧೀಶರು. ಕಾಗದಪತ್ರ ನೋಡಿ, ಎರಡೂ ಕಡೆ ಕೇಳಿ, ವಿಚಾರಣೆ ನಡೆಸುವಷ್ಟು ಹುರುಳಿದೆ ಅನ್ನಿಸಿದರೆ ಮಾತ್ರ ಆ ಹಂತಕ್ಕೆ ಬರುತ್ತದೆ.

ನನ್ನ ಪ್ರಕಾರ ಗೆರೆ ಎಳೆಯಬೇಕಾದ್ದು ಇಲ್ಲೇ. ಕಾನೂನು ಆಯೋಗ 2014ರ ತನ್ನ 244ನೇ ವರದಿಯಲ್ಲಿ ಇದನ್ನೇ ಹೇಳಿತ್ತು: 5 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧದಲ್ಲಿ ಚಾರ್ಜ್ ಫ್ರೇಮ್ ಆದವರು ನಿಲ್ಲಬಾರದು. ಚುನಾವಣೆ ಹತ್ತಿರ ಬಂದಾಗ ಬೇಕಂತಲೇ ಕೇಸು ಜಡಿಯಬಾರದು ಅಂತ, ನಾಮಪತ್ರ ಪರಿಶೀಲನೆಗೆ ಒಂದು ವರ್ಷ ಮುಂಚಿನ ಆರೋಪಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಅಂತಲೂ ಹೇಳಿತ್ತು. 2018ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಇದು ಸಂಸತ್ತು ಮಾಡಬೇಕಾದ ಕಾನೂನು ಅಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತಿಗೆ ಬೇರೆ ಥರದ ಒಂದು ಮಸೂದೆ ಬಂತು, ಗಂಭೀರ ಕೇಸಿನಲ್ಲಿ 30 ದಿನ ಬಂಧನದಲ್ಲಿದ್ದರೆ ಪ್ರಧಾನಿ, ಮುಖ್ಯಮಂತ್ರಿ, ಮಂತ್ರಿ ಯಾರೇ ಆದರೂ ಹುದ್ದೆ ಹೋಗಬೇಕು ಅಂತ. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಬಂಧನ ಪೊಲೀಸರ ಕೈಯಲ್ಲಿರುತ್ತದೆ, ಪೊಲೀಸರು ಸರ್ಕಾರದ ಕೈಯಲ್ಲಿ. ಒಬ್ಬರ ಹುದ್ದೆ ಹೋಗಬೇಕಾದರೆ ನ್ಯಾಯಾಧೀಶರು ಕೇಸು ಓದಿರಬೇಕು.

ತಾಳೆ ನೋಡಿ

ಅಫಿಡವಿಟ್‌ನಲ್ಲಿರುವ ಕೇಸ್ ನಂಬರನ್ನು 'ಇ-ಕೋರ್ಟ್ಸ್' ಆ್ಯಪ್‌ಗೆ ಹಾಕಿ. ಮುಂದಿನ ದಿನಾಂಕ ಯಾವುದು, ಎಷ್ಟು ಸಲ ಮುಂದಕ್ಕೆ ಹೋಗಿದೆ, ಎಲ್ಲ ಕಾಣುತ್ತದೆ. ಎಂಟು ಹತ್ತು ವರ್ಷ ಎಳೆದ ಕೇಸಾದರೆ ವಾಯಿದೆ ಕೇಳಿದ್ದು ಯಾರು ಅಂತ ಅದರಲ್ಲಿ ಹುಡುಕಿ.

ಕಾಲಂ ಖಾಲಿ ಬಿಟ್ಟಿದ್ದರೆ ಅದೂ ತಪ್ಪೇ. ಇಲ್ಲದಿದ್ದರೆ 'ಇಲ್ಲ' ಅಂತ ಬರೆಯಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೇಸು ಮುಚ್ಚಿಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಕೇಸಿರುವ ಅಭ್ಯರ್ಥಿ ಅದನ್ನು ಮೂರು ಸಲ ಪತ್ರಿಕೆ, ಟಿವಿಯಲ್ಲಿ ಪ್ರಕಟಿಸಬೇಕು. ಕ್ಲೀನ್ ಇರುವವರನ್ನು ಬಿಟ್ಟು ಇವರಿಗೇ ಯಾಕೆ ಟಿಕೆಟ್ ಕೊಟ್ಟೆವು ಅಂತ ಪಕ್ಷ ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ಗೆಲ್ಲುತ್ತಾರೆ ಅನ್ನುವುದೊಂದೇ ಕಾರಣ ಆಗುವಂತಿಲ್ಲ ಅಂತ 2020ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿದೆ. ಆದರೂ "ಜನಪ್ರಿಯರು, ರಾಜಕೀಯ ದ್ವೇಷದ ಕೇಸು" ಅಂತಲೇ ಎಷ್ಟೋ ಕಡೆ ಬರೆದಿರುತ್ತಾರೆ. ಓದಿದರೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ವೋಟು ಕೇಳೋಕೆ ಬಂದವರ ಮುಂದೆ ಒಂದು ಪ್ರಶ್ನೆಯಾಗಿ ಇಡಿ.

ಊರಿನವರಿಗೆ ತಿಳಿಸುವಾಗ

ನಮ್ಮ ಕಡೆ ಬೆಳಗ್ಗೆ ಹಾಲಿನ ಡೈರಿ ಹತ್ತಿರ ಎಲ್ಲರೂ ಸೇರುತ್ತಾರೆ. ಕ್ಯಾನ್ ಇಟ್ಟು ಸಾಲಿನಲ್ಲಿ ನಿಂತಾಗ ಅಫಿಡವಿಟ್ ಓದಿ ಹೇಳಿ. ಕೊನೆಯ 'ಬಿ' ಭಾಗದಲ್ಲಿ ಸಾರಾಂಶ ಇರುತ್ತದೆ, ಅದಷ್ಟು ಸಾಕು. ಕರಪತ್ರ ಮಾಡಿಸುವುದಾದರೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇಲ್ಲದಿದ್ದರೆ ಅದೇ ಕಾಯ್ದೆಯ 127ಎ ಅಡಿ ಕೇಸು ನಿಮ್ಮ ಮೇಲೇ ಬೀಳುತ್ತದೆ. ಎಲ್ಲ ಅಭ್ಯರ್ಥಿಗಳದ್ದನ್ನೂ ಓದಿ, ನೀವು ವೋಟು ಹಾಕಬೇಕು ಅಂದುಕೊಂಡವರದ್ದನ್ನು ಮೊದಲು.