ಜಮಖಂಡಿಯ ಹಿತ್ತಲಲ್ಲಿ ಒಂದೂವರೆ ಮೀಟರ್ ಉದ್ದದ ಟೆಲಿಸ್ಕೋಪ್

ಯಾವ ಟೆಲಿಸ್ಕೋಪ್ ತಗೊಳ್ಳಲಿ ಅಂತ ಇವತ್ತು ಯಾರನ್ನೇ ಕೇಳಿ, ಕನ್ನಡಿಯದೇ ತಗೊಳ್ಳಿ ಅಂತಾರೆ. ಅದೇ ದುಡ್ಡಿಗೆ ದೊಡ್ಡದು ಸಿಗುತ್ತದೆ. ಮಾತು ಸರಿಯೇ. ಮಸುಕಾದ ನೆಬ್ಯುಲಾ, ಗ್ಯಾಲಕ್ಸಿ ಹುಡುಕುವವರಿಗೆ ಬೆಳಕು ಜಾಸ್ತಿ ಬೇಕು, ಅದಕ್ಕೆ ದೊಡ್ಡ ಕನ್ನಡಿಯೇ ಆಗಬೇಕು. ಆದರೆ ನನಗೆ ಪ್ರೀತಿ ಇರುವುದು ಗ್ರಹ, ಚಂದ್ರ ಮತ್ತು ಜೋಡಿ ನಕ್ಷತ್ರಗಳ ಮೇಲೆ. ಅವಕ್ಕಾಗಿ ನಾಲ್ಕು ಇಂಚಿನ ಲೆನ್ಸ್ ಹಾಕಿ ಉದ್ದನೆಯ ರಿಫ್ರಾಕ್ಟರ್, ಅಂದರೆ ಲೆನ್ಸ್ ಟೆಲಿಸ್ಕೋಪ್, ಮಾಡಿಸಿಕೊಂಡೆ. ನಮ್ಮ ಕಡೆಯ ಆಕಾಶಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ಉಪಕರಣ ಇಲ್ಲ ಅಂತ ಈಗ ಗಟ್ಟಿಯಾಗಿ ಹೇಳಬಲ್ಲೆ.

ಜಮಖಂಡಿ ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಗ್ರಹಗಳು ಓಡಾಡುವ ದಾರಿ ನಮ್ಮ ನೆತ್ತಿಯ ಹತ್ತಿರವೇ ಹಾಯುತ್ತದೆ. 2026ರ ಜನವರಿಯಲ್ಲಿ ಗುರು ಮಿಥುನದಲ್ಲಿತ್ತು. ನಡುರಾತ್ರಿ ಅದು ನೆತ್ತಿಯಿಂದ ಐದಾರು ಡಿಗ್ರಿಯಷ್ಟೇ ಆಚೆ ಇತ್ತು. ನೆತ್ತಿಯ ಮೇಲಿನ ಗ್ರಹದ ಬೆಳಕು ಕಡಿಮೆ ಗಾಳಿ ದಾಟಿ ಬರುತ್ತದೆ, ಹಾಗಾಗಿ ಚಿತ್ರ ಕಡಿಮೆ ನಡುಗುತ್ತದೆ. ಇನ್ನು ಊರಿನ ದೀಪಗಳಿಗೆ ನೆಬ್ಯುಲಾಗಳು ಕಾಣದೆ ಹೋಗಬಹುದು, ಗುರು–ಶನಿಗಳಿಗೆ ಆ ಕಾಟ ಇಲ್ಲ.

ಉದ್ದ ಯಾಕೆ ಬೇಕು? ಗಾಜು ಎಲ್ಲ ಬಣ್ಣಗಳನ್ನೂ ಒಂದೇ ಜಾಗದಲ್ಲಿ ಕೂಡಿಸುವುದಿಲ್ಲ. ಹಾಗಾಗಿ ಹೊಳೆಯುವ ವಸ್ತುವಿನ ಸುತ್ತ ನೇರಳೆ ಅಂಚು ಬರುತ್ತದೆ. ಒಂದೇ ಗಾಜಿನ ಲೆನ್ಸ್ ಇದ್ದ ಕಾಲದಲ್ಲಿ ಕೊಳವೆ ಉದ್ದ ಮಾಡುವುದೊಂದೇ ದಾರಿಯಾಗಿತ್ತು. 17ನೇ ಶತಮಾನದಲ್ಲಿ ಖಗೋಳಜ್ಞ ಹೆವೇಲಿಯಸ್ 150 ಅಡಿ ಉದ್ದದ ಟೆಲಿಸ್ಕೋಪ್ ಕಟ್ಟಿದ್ದು ಇದಕ್ಕೇ. ಆಮೇಲೆ ಕ್ರೌನ್ ಮತ್ತು ಫ್ಲಿಂಟ್ ಎಂಬ ಎರಡು ಬಗೆಯ ಗಾಜು ಜೋಡಿಸುವ ಉಪಾಯ ಬಂತು. 1758ರಲ್ಲಿ ಜಾನ್ ಡೊಲೊಂಡ್ ಅದಕ್ಕೆ ಪೇಟೆಂಟ್ ಪಡೆದ. ಈ ಜೋಡಿ ಕೆಂಪು ಮತ್ತು ನೀಲಿಯನ್ನು ಹತ್ತಿರ ತರುತ್ತದೆ, ಆದರೂ ನೇರಳೆ ಪೂರ್ತಿ ಹೋಗುವುದಿಲ್ಲ. ಲೆನ್ಸಿನಿಂದ ಬೆಳಕು ಕೂಡುವ ಜಾಗದ ತನಕದ ದೂರವೇ ಸಂಗಮ ದೂರ, ಅದು ಲೆನ್ಸಿನ ಅಗಲದ ಎಷ್ಟು ಪಟ್ಟೋ ಅದೇ ಎಫ್ ಸಂಖ್ಯೆ. ಹಳಬರ ಲೆಕ್ಕ ಹೀಗಿದೆ: ಲೆನ್ಸ್ ಎಷ್ಟು ಇಂಚೋ ಅದರ ಮೂರು ಪಟ್ಟಾದರೂ ಎಫ್ ಸಂಖ್ಯೆ ಇರಬೇಕು. ನಾಲ್ಕು ಇಂಚಿಗೆ 12. ನನ್ನದು 100 ಮಿಲಿಮೀಟರ್ ಲೆನ್ಸ್, ಸಂಗಮ ದೂರ 1500 ಮಿಲಿಮೀಟರ್, ಅಂದರೆ ಎಫ್ 15. ಗುರುವಿನ ಅಂಚಲ್ಲಿ ನೇರಳೆ ಹುಡುಕಿದರೆ ಸ್ವಲ್ಪ ಸಿಗುತ್ತದೆ, ನೋಡುವಾಗ ಅಡ್ಡ ಬರುವುದಿಲ್ಲ.

ಇನ್ನೊಂದು ಸುಖ ಫೋಕಸ್‌ನದು. ಎಫ್ 15ರಲ್ಲಿ ಐಪೀಸ್ (ಕಣ್ಣಿಡುವ ಕಡೆಯ ಲೆನ್ಸ್) ಆಚೀಚೆ ಕಾಲು ಮಿಲಿಮೀಟರ್ ಸರಿದರೂ ಚಿತ್ರ ಕೆಡುವುದಿಲ್ಲ. ಎಫ್ 5ರಲ್ಲಿ ಅದರ ಒಂಬತ್ತನೇ ಒಂದು ಭಾಗ ಸರಿದರೆ ಸಾಕು, ಕೆಟ್ಟಿತು. ಸಾಧಾರಣ ಬೆಲೆಯ ಪ್ಲಾಸಲ್ ಎಂಬ ಬಗೆಯ ಐಪೀಸ್ ಕೂಡ ಇದರಲ್ಲಿ ಅಂಚಿನ ತನಕ ಚೊಕ್ಕ ಕಾಣಿಸುತ್ತದೆ. ಕನ್ನಡಿ ಟೆಲಿಸ್ಕೋಪ್‌ನಲ್ಲಿರುವಂತೆ ಬೆಳಕಿನ ದಾರಿಯ ನಡುವೆ ಅಡ್ಡಗನ್ನಡಿ ಇಲ್ಲ, ಅದಕ್ಕೇ ಗುರುವಿನ ಪಟ್ಟೆಗಳ ತೆಳು ಬಣ್ಣ ಎದ್ದು ಕಾಣುತ್ತದೆ.

ಲೆನ್ಸನ್ನು ಅದರ ಲೋಹದ ಬಳೆಯ ಸಮೇತ ಕೊಂಡೆ. ಉಳಿದದ್ದೆಲ್ಲ ಇಲ್ಲೇ ಆಯಿತು. ಅಲ್ಯೂಮಿನಿಯಂ ಕೊಳವೆಯ ಎರಡೂ ತುದಿಗಳನ್ನು ಲೇತ್ ಮೇಲೆ ನೇರ ಮಾಡಿಸಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಲೇತ್ ಕೆಲಸ ಬಲ್ಲವರಿಗೆ ಕೊರತೆ ಇಲ್ಲ. ಪಂಪಿನ ಭಾಗ ಮಾಡುವ ಕೈಗಳು ಟೆಲಿಸ್ಕೋಪ್ ಭಾಗವನ್ನೂ ಅಷ್ಟೇ ನಯವಾಗಿ ಮಾಡುತ್ತವೆ. ಅಳತೆ ಬರೆದ ಚಿತ್ರ ಕೊಟ್ಟರೆ ಸಾಕು.

ನನಗೆ ಜಾಸ್ತಿ ಇಷ್ಟವಾದ ಕೆಲಸ ಕೊಳವೆಯೊಳಗಿನ ಅಡ್ಡ ಬಳೆಗಳದು. ಪಕ್ಕದಿಂದ ನುಗ್ಗುವ ಬೆಳಕು ಗೋಡೆಗೆ ತಾಗಿ ಐಪೀಸ್ ಸೇರಬಾರದು. ಸೇರಿದರೆ ಕಪ್ಪು ಆಕಾಶ ಬೂದು ಬಣ್ಣಕ್ಕೆ ತಿರುಗುತ್ತದೆ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಟೆಲಿಸ್ಕೋಪನ್ನು ಅದರ ನಿಜವಾದ ಅಳತೆಯಲ್ಲೇ ಬರೆದೆ. ಒಂದು ತುದಿಗೆ 100 ಮಿಲಿಮೀಟರ್ ಲೆನ್ಸ್, ಇನ್ನೊಂದಕ್ಕೆ ಐಪೀಸ್ ನೋಡುವಷ್ಟು ಅಗಲ. ಎರಡನ್ನೂ ಗೆರೆ ಎಳೆದು ಕೂಡಿಸಿದರೆ ಬೆಳಕಿನ ದಾರಿ ಸಿಕ್ಕಿತು. ಯಾವ ಬಳೆ ಎಲ್ಲಿ ಕೂರಬೇಕು, ತೂತು ಎಷ್ಟಿರಬೇಕು ಅನ್ನುವುದನ್ನು ಆ ಗೆರೆಯಿಂದಲೇ ಅಳೆದುಕೊಂಡೆ. ತಗಡಿನ ಬಳೆ ಕತ್ತರಿಸಿ, ಹೊಳಪಿಲ್ಲದ ಕಪ್ಪು ಬಳಿದು ಒಳಗೆ ಕೂರಿಸಿದೆ. ನೀವು ಮಾಡುವುದಾದರೆ ಈ ಕೆಲಸ ಮಾತ್ರ ಬಿಡಬೇಡಿ.

ಕಷ್ಟದ ಭಾಗ ನಿಲ್ಲಿಸುವುದು. ಉದ್ದನೆಯ ಕೊಳವೆ ಸಣ್ಣ ಗಾಳಿಗೂ ಅಲುಗುತ್ತದೆ, ಸ್ಟ್ಯಾಂಡ್ ಗಟ್ಟಿ ಇರಲೇಬೇಕು. ಅಂಗಡಿಯ ಎಷ್ಟೋ ಈಕ್ವಟೋರಿಯಲ್ ಸ್ಟ್ಯಾಂಡ್‌ಗಳು (ಭೂಮಿಯ ಅಕ್ಷಕ್ಕೆ ಸಮಾಂತರವಾದ ಧ್ರುವದ ಅಕ್ಷದ ಸುತ್ತ ತಿರುಗುವವು) ಯುರೋಪ್, ಅಮೆರಿಕದ ಅಕ್ಷಾಂಶಕ್ಕೆ ಮಾಡಿದವು. ಧ್ರುವದ ಅಕ್ಷವನ್ನು 16.5 ಡಿಗ್ರಿಗೆ ಬಗ್ಗಿಸಿದರೆ ಕೊಳವೆಗೆ ಎದುರು ತೂಕ ಹಿಡಿಯುವ ಸರಳು ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಅದಕ್ಕೆ ಹಿತ್ತಲಲ್ಲಿ ಕಾಂಕ್ರೀಟ್ ಕಂಬ ಹಾಕಿ, ಅದರ ಮೇಲೆ ನಮ್ಮ ಊರಿನ ಕೋನಕ್ಕೇ ಕಬ್ಬಿಣದ ತಲೆ ಮಾಡಿಸಿದೆ. ಮಾಳಿಗೆ ಮೇಲೆ ಬೇಡ ಅಂದುಕೊಂಡೆ. ಹಗಲೆಲ್ಲ ಕಾದ ಮಾಳಿಗೆ ನಡುರಾತ್ರಿ ತನಕ ಬಿಸಿ ಬಿಡುತ್ತದೆ, ಯಾರಾದರೂ ನಡೆದರೆ ಗ್ರಹ ಕುಣಿಯುತ್ತದೆ.

ಕಂಬದ ಎತ್ತರಕ್ಕೂ ಲೆಕ್ಕ ಬೇಕು. ಲೆನ್ಸ್ ಭಾರ ಇರುವುದರಿಂದ ತೂಕ ಸಮ ಆಗುವ ಜಾಗ ಲೆನ್ಸಿನ ಕಡೆ ಜರುಗುತ್ತದೆ. ನೆತ್ತಿ ನೋಡುವಾಗ ಐಪೀಸ್ ಆ ಜಾಗದಿಂದ ಸುಮಾರು 85 ಸೆಂಟಿಮೀಟರ್ ಕೆಳಗಿರುತ್ತದೆ. ಗ್ರಹಗಳೆಲ್ಲ ನೆತ್ತಿಗೇ ಬರುವ ಊರಲ್ಲಿ ಕಂಬ ಗಿಡ್ಡ ಆದರೆ ನೆಲದ ಮೇಲೆ ಮಲಗಿ ನೋಡಬೇಕು. ಒಂದೂವರೆ ಮೀಟರ್ ಎತ್ತರ ಇಟ್ಟೆ. ಈಗ ಸಣ್ಣ ಸ್ಟೂಲ್ ಮೇಲೆ ಕೂತು, ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಡಯಾಗನಲ್ ಹಾಕಿಕೊಂಡು ಆರಾಮಾಗಿ ನೋಡುತ್ತೇನೆ. ಮೋಟಾರ್ ಇಲ್ಲ. 10 ಮಿಲಿಮೀಟರ್ ಐಪೀಸ್‌ನಲ್ಲಿ 150 ಪಟ್ಟು ದೊಡ್ಡದಾದ ಗುರು ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಒಂದು ನಿಮಿಷದ ಮೇಲೆ ಬೇಕು. ಆಮೇಲೆ ಕೈಯಿಂದ ಮೆಲ್ಲಗೆ ತಳ್ಳಿದರಾಯಿತು.

ಲೆನ್ಸ್ ಟೆಲಿಸ್ಕೋಪ್‌ಗೂ ನಮ್ಮ ಊರಿಗೂ ಹಳೆಯ ನಂಟಿದೆ, ಇಲ್ಲೇ ಹುಟ್ಟಿ ಬೆಳೆದ ಬಹಳ ಮಂದಿಗೆ ಗೊತ್ತಿಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಲಂಡನ್‌ನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಲೆನ್ಸ್ ಟೆಲಿಸ್ಕೋಪ್ ಸಮೇತ ಬಂದಿಳಿದದ್ದು ಜಮಖಂಡಿಗೆ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಮಳೆಗಾಲದ ಮೋಡ ಕಾಡಿಸಿದರೂ ಸಂದಿಯಲ್ಲಿ ಸೂರ್ಯನ ಜ್ವಾಲೆಗಳ ವರ್ಣಪಟಲ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ಸಿಕ್ಕಿತು. ಅದರಲ್ಲಿ ಹೊಳೆಯುವ ಗೆರೆಗಳಿದ್ದವು, ಅಂದರೆ ಆ ಜ್ವಾಲೆ ಕಾದ ಅನಿಲ. ಅದೇ ಗ್ರಹಣದಲ್ಲಿ ವಿಜಯಪುರ ಮತ್ತು ಗುಂಟೂರಿನಿಂದಲೂ ಈ ಗೆರೆ ನೋಡಿದರು. ಅವುಗಳಲ್ಲಿದ್ದ ಹಳದಿ ಗೆರೆ ಹೀಲಿಯಂನದು ಅಂತ ಆಮೇಲೆ ತಿಳಿಯಿತು. ಇಂಥ ಊರಲ್ಲಿ ಮಕ್ಕಳಿಗೆ ಒಂದು ಒಳ್ಳೆಯ ಟೆಲಿಸ್ಕೋಪ್ ತೋರಿಸದೆ ಇರುವುದು ನನಗೆ ಸರಿ ಅನ್ನಿಸುವುದಿಲ್ಲ. ಅದಕ್ಕೇ ಚಂದ್ರ ಇರುವ ವಾರದಲ್ಲಿ ಓಣಿಯ ಹುಡುಗರಿಗೆ ಹಿತ್ತಲ ಬಾಗಿಲು ತೆರೆದಿರುತ್ತದೆ.

ನನ್ನ ಮೆಚ್ಚಿನ ಗುರಿ ಜ್ಯೇಷ್ಠಾ. ಈ ಕೆಂಪು ನಕ್ಷತ್ರಕ್ಕೆ ಅಂಟಿಕೊಂಡಂತೆ, ಮೂರು ಆರ್ಕ್‌ಸೆಕೆಂಡಿಗಿಂತ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಕಡಿಮೆ ದೂರದಲ್ಲಿ, ಮಂಕಾದ ಜೊತೆಗಾರ ಇದೆ. ಲಂಡನ್‌ನಲ್ಲಿ ಜ್ಯೇಷ್ಠಾ 12 ಡಿಗ್ರಿ ಮೇಲಕ್ಕೆ ಏಳುವುದಿಲ್ಲ. ನಮ್ಮಲ್ಲಿ 47 ಡಿಗ್ರಿ ತನಕ ಏರುತ್ತದೆ. ಆದರೂ ನಾಲ್ಕು ಇಂಚಿಗೆ ಇದು ಕಷ್ಟದ ಜೋಡಿ. ಏಪ್ರಿಲ್‌ನಲ್ಲಿ ನಡುರಾತ್ರಿ ದಾಟಿ ಗಾಳಿ ನಿಂತಾಗ ಕೆಂಪಿನ ಪಕ್ಕ ಒಂದು ಹಸಿರು ಚುಕ್ಕೆ ಕಂಡು ಮರೆಯಾಗುತ್ತದೆ, ಮತ್ತೆ ಕಾಣುತ್ತದೆ. ಆ ಹಸಿರು ಕೆಂಪಿನ ಎದುರು ನಮ್ಮ ಕಣ್ಣಿಗೆ ಹಾಗೆ ತೋರುವುದು ಅಷ್ಟೇ. ಸುಮ್ನೆ ಒಮ್ಮೆ ಇಣುಕಿದರೆ ಸಿಗುವುದಿಲ್ಲ, ಐಪೀಸ್ ಬಿಡದೆ ಕೂರಬೇಕು.

ಜೂನ್ ಬಂದರೆ ಲೆನ್ಸ್ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ, ಇಲ್ಲದಿದ್ದರೆ ಶಿಲೀಂಧ್ರ ಹತ್ತುತ್ತದೆ. ಕಂಬದ ತಲೆಗೆ ಗ್ರೀಸ್ ಹಚ್ಚಿ ತಾಡಪತ್ರಿ ಕಟ್ಟಿದರೆ ಮಳೆಗಾಲ ಕಳೆಯುತ್ತದೆ. ಲೆನ್ಸ್ ಮೇಲೆ ನಾಲ್ಕು ಕಣ ಧೂಳು ಕಂಡರೆ ಒರೆಸಲು ಹೋಗಬೇಡಿ. ಊದುವ ರಬ್ಬರ್ ಬಲ್ಬ್ ಸಾಕು.